ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು

ಮಕರ ಸಂಕ್ರಾಂತಿ ಸಮೀಪಿಸುತ್ತಿದ್ದಂತೆ ನಾಡಿನ ಶರಣ ಸಂಕುಲಕ್ಕೆ ಸೊನ್ನಲಿಗೆಯ ನೆನಪಾಗುತ್ತದೆ. ಇಂದಿನ ಮಹಾರಾಷ್ಟ್ರದ ಸೊಲ್ಲಾಪುರವೇ ಹನ್ನೆರಡನೆಯ ಶತಮಾನದ ಸೊನ್ನಲಿಗೆ. ಶಿವಯೋಗಿ ಸಿದ್ಧರಾಮೇಶ್ವರರು ಹುಟ್ಟಿದ್ದು ಅಲ್ಲಿ, ಕೆರೆ ತೋಡಿಸಿದ್ದು ಅಲ್ಲಿ, ಕೊನೆಗೆ ಲಿಂಗೈಕ್ಯರಾದದ್ದೂ ಅಲ್ಲಿಯೇ. ಬಸವಣ್ಣ, ಅಲ್ಲಮಪ್ರಭು, ಚನ್ನಬಸವಣ್ಣ, ಅಕ್ಕಮಹಾದೇವಿಯರ ಸಾಲಿನಲ್ಲಿ ಅವರ ಹೆಸರನ್ನು ನಾವು ನಿತ್ಯವೂ ಹೇಳುತ್ತೇವೆ. ಆದರೂ ಅವರ ಬದುಕು ಉಳಿದ ಶರಣರ ಬದುಕಿನಂತಿಲ್ಲ. ಅದನ್ನು ನಿಧಾನವಾಗಿ ಅರಿಯಬೇಕಾದ ಕಾರಣವೊಂದಿದೆ.

ಮಠಕ್ಕೆ ಬರುವ ಭಕ್ತರು ನಮ್ಮಲ್ಲಿ ಆಗಾಗ ಒಂದು ಸಂದೇಹವನ್ನು ತೋಡಿಕೊಳ್ಳುತ್ತಾರೆ. ಕೊರಳಲ್ಲಿ ಇಷ್ಟಲಿಂಗವಿದೆ, ಮನೆಯ ಜಗುಲಿಯ ಮೇಲೆ ಹಿರಿಯರಿಂದ ಬಂದ ಮನೆದೇವರೂ ಇದೆ. ವರ್ಷಕ್ಕೊಮ್ಮೆ ಮೈಲಾರಕ್ಕೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ಶ್ರೀಶೈಲಕ್ಕೋ ಹೋಗಿ ಬರುವ ನಡಾವಳಿಯೂ ಉಂಟು. ಒಬ್ಬನೇ ದೇವನನ್ನು ಅಂಗೈಯಲ್ಲಿ ಪೂಜಿಸಬೇಕೆಂದು ಶರಣರು ಹೇಳಿರುವಾಗ ಇದೆಲ್ಲ ತಪ್ಪೇ, ಅಪಚಾರವೇ ಎಂಬ ಅಳುಕು ಅವರದು. ಈ ಸಂದೇಹಕ್ಕೆ ಒಂದೇ ಮಾತಿನ ಉತ್ತರ ಕೊಟ್ಟು ಕಳುಹಿಸುವುದು ಸುಲಭ. ಆದರೆ ಸಿದ್ಧರಾಮೇಶ್ವರರು ಈ ಪ್ರಶ್ನೆಯನ್ನು ಕೇಳಿ ಬಿಟ್ಟವರಲ್ಲ, ಬಾಳಿಡೀ ಹೊತ್ತು ನಡೆದವರು. ಗುಡಿ ಕಟ್ಟಿಸಿ ಸ್ಥಾವರಲಿಂಗಗಳನ್ನು ಸ್ಥಾಪಿಸಿದ ಅವರೇ ಮುಂದೆ ಕಲ್ಯಾಣದ ಶೂನ್ಯಸಿಂಹಾಸನವನ್ನೂ ಏರಿದರು.

ಅವರ ಚರಿತ್ರೆಯನ್ನು ನಮಗೆ ವಿಸ್ತಾರವಾಗಿ ಉಳಿಸಿಕೊಟ್ಟವನು ಕವಿ ರಾಘವಾಂಕ. ಹರಿಹರನ ಸೋದರಳಿಯನಾದ ಈತನ ಸಿದ್ಧರಾಮ ಚಾರಿತ್ರ ಷಟ್ಪದಿಯಲ್ಲಿ ರಚಿತವಾದ ಕಾವ್ಯ. ಸೊನ್ನಲಿಗೆಯ ಗೌಡ ಮುದ್ದುಗೌಡ, ಆತನ ಮಡದಿ ಸುಗ್ಗಲೆ. ಆ ಊರಿಗೆ ಬಂದ ರೇವಣಸಿದ್ಧರು ಈ ದಂಪತಿಗಳಿಗೆ ಮಹಾಶಿವಯೋಗಿಯೊಬ್ಬನು ಜನಿಸುವನೆಂದು ನುಡಿದರೆಂಬುದು ಪರಂಪರೆಯ ನಂಬಿಕೆ. ಹುಟ್ಟಿದ ಮಗುವಿಗೆ ಮನೆದೇವರ ಹೆಸರನ್ನೇ ಇಟ್ಟರು: ಧೂಳಿಮಾಕಾಳ. ಹೀಗೆ ನಮ್ಮ ಶಿವಯೋಗಿಯ ಮೊದಲ ಹೆಸರೇ ಒಂದು ಮನೆದೇವರ ಹೆಸರು ಎಂಬುದನ್ನು ಗಮನಿಸಬೇಕು.

ಮಗು ಎಲ್ಲ ಮಕ್ಕಳಂತೆ ಬೆಳೆಯಲಿಲ್ಲ. ಮಾತು ಕಡಿಮೆ, ಆಟಪಾಟಗಳಲ್ಲಿ ಆಸಕ್ತಿಯಿಲ್ಲ. ಊರವರು ದಡ್ಡನೆಂದು ಕನಿಕರಪಟ್ಟರು. ತಂದೆತಾಯಿಗಳು ಅವನನ್ನು ದನಕರುಗಳ ಜೊತೆ ಹೊಲದ ಕಡೆಗೆ ಕಳುಹಿಸತೊಡಗಿದರು. ಆ ಹೊಲದಲ್ಲಿಯೇ ಅವನ ಬಾಳು ತಿರುಗಿತು. ಒಂದು ದಿನ ಜಂಗಮ ವೇಷದ ಒಬ್ಬ ಹಿರಿಯ ಅವನೆದುರು ಬಂದು ನಿಂತ. ತಾನು ಶ್ರೀಶೈಲದ ಮಲ್ಲಯ್ಯನೆಂದು ಹೇಳಿಕೊಂಡ, ಹಸಿವೆಂದ. ಬಾಲಕ ಹೊಲದ ತೆನೆಯನ್ನು ಕೊಟ್ಟ. ತಿಂದ ಮೇಲೆ ಹೊಟ್ಟೆ ಉರಿಯುತ್ತಿದೆ, ಮಜ್ಜಿಗೆಯನ್ನ ಬೇಕೆಂದ ಆ ಹಿರಿಯ. ಬಾಲಕ ಮನೆಗೆ ಓಡಿದ. ಎಂದೂ ಬಾಯಿ ಬಿಡದ ಮಗ ಮಲ್ಲಯ್ಯನಿಗೆ ಅನ್ನ ಬೇಕೆಂದು ಕೇಳಿದಾಗ ತಾಯಿ ಸುಗ್ಗಲೆಗೆ ಆಶ್ಚರ್ಯವೂ ಆನಂದವೂ ಆಗಿರಬೇಕು. ಬುತ್ತಿ ಕಟ್ಟಿಕೊಂಡು ಅವನು ಹೊಲಕ್ಕೆ ಮರಳಿದಾಗ ಮಲ್ಲಯ್ಯ ಅಲ್ಲಿರಲಿಲ್ಲ.

ಇಲ್ಲಿಂದ ಮುಂದಿನ ಭಾಗ ರಾಘವಾಂಕನ ಕಾವ್ಯದಲ್ಲಿ ಅತ್ಯಂತ ಮನಮಿಡಿಯುವ ಭಾಗ. ಕೈಯಲ್ಲಿ ಬುತ್ತಿ ಹಿಡಿದು ಮಲ್ಲಯ್ಯಾ ಮಲ್ಲಯ್ಯಾ ಎಂದು ಕೂಗುತ್ತ ಅಲೆದ ಬಾಲಕ ಶ್ರೀಶೈಲಕ್ಕೆ ಹೊರಟಿದ್ದ ಜಂಗಮರ ಗುಂಪನ್ನು ಕೂಡಿಕೊಂಡ. ತಾವು ಮಲ್ಲಯ್ಯನ ಬಳಿಗೇ ಹೋಗುತ್ತಿದ್ದೇವೆಂದು ಅವರು ಹೇಳಿದ್ದೇ ಅವನಿಗೆ ಸಾಕಾಯಿತು. ಕ್ಷೇತ್ರ ತಲುಪಿದ ಮೇಲೆ ಅವರು ಗರ್ಭಗುಡಿಯಲ್ಲಿದ್ದ ಮಲ್ಲಿಕಾರ್ಜುನ ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯ ಎಂದರು. ಬಾಲಕ ಒಪ್ಪಲಿಲ್ಲ. ತನ್ನೊಡನೆ ಮಾತನಾಡಿದ, ಹಸಿವೆಂದು ಕೇಳಿದ, ತೆನೆ ತಿಂದ ಮಲ್ಲಯ್ಯ ಇವನಲ್ಲವೆಂದು ಹಟ ಹಿಡಿದ. ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಂದೆಂದು ಇಡೀ ಭರತಖಂಡ ಕೈಮುಗಿಯುವ ಲಿಂಗದ ಎದುರಿನಲ್ಲಿ ದನಗಾಹಿ ಹುಡುಗನೊಬ್ಬ ಇದು ನನ್ನ ದೇವರಲ್ಲ ಎಂದು ನಿಂತ. ಈ ಧೈರ್ಯ ಪಾಂಡಿತ್ಯದಿಂದ ಬರುವಂಥದಲ್ಲ. ಅವನು ಯಾವ ತತ್ತ್ವವನ್ನೂ ಮಂಡಿಸುತ್ತಿರಲಿಲ್ಲ. ಹಸಿದವನೊಬ್ಬನಿಗೆ ಅನ್ನ ಒಯ್ದಿದ್ದ, ಆ ಹಸಿದವನು ಅಲ್ಲಿ ಕಾಣಲಿಲ್ಲ, ಅಷ್ಟೇ.

ಜನ ನಕ್ಕರು, ಜೊತೆಗಿದ್ದವರು ಬಿಟ್ಟು ನಡೆದರು. ಒಬ್ಬನೇ ಆದ ಬಾಲಕ ಬೆಟ್ಟದ ಕಣಿವೆಗಳಲ್ಲಿ ಕೂಗುತ್ತ ಅಲೆದು, ಕಡೆಗೆ ಆಳವಾದ ಪ್ರಪಾತದ ಅಂಚಿಗೆ ಬಂದು ಹಾರಲು ಸಿದ್ಧನಾದ. ಆಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಕೈ ಹಿಡಿದನು. ಸೊನ್ನಲಿಗೆಗೆ ಹಿಂದಿರುಗಿ ಅದನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡು, ನಾನು ಅಲ್ಲಿಗೇ ಬರುತ್ತೇನೆಂದು ಹರಸಿ ಕಳುಹಿಸಿದನು ಎಂದು ಚರಿತ್ರೆ ಹೇಳುತ್ತದೆ. ಧೂಳಿಮಾಕಾಳ ಸಿದ್ಧರಾಮನಾಗಿ ಊರಿಗೆ ಮರಳಿದ.

ಮುಂದಿನ ದಿನಗಳಲ್ಲಿ ಸೊನ್ನಲಿಗೆಯ ರೂಪವೇ ಬದಲಾಯಿತು. ಕಪಿಲಸಿದ್ಧ ಮಲ್ಲಿಕಾರ್ಜುನನ ದೇವಾಲಯ ಎದ್ದಿತು. ಆ ಹೆಸರೇ ಅವರ ವಚನಗಳ ಅಂಕಿತವೂ ಆಯಿತು. ರಾಣಿ ಚಾಮಲದೇವಿ ಈ ಕಾರ್ಯಕ್ಕೆ ಭೂಮಿಯನ್ನು ದಾನವಾಗಿ ಕೊಟ್ಟ ಸಂಗತಿಯನ್ನು ರಾಘವಾಂಕ ಹೇಳುತ್ತಾನೆ. ಊರಿನ ಸುತ್ತಣ ಪಂಚಕ್ರೋಶದಲ್ಲಿ 68 ಲಿಂಗಗಳನ್ನು ಸಿದ್ಧರಾಮರು ಪ್ರತಿಷ್ಠಾಪಿಸಿದರು. ಅಷ್ಟವಿನಾಯಕ, ಅಷ್ಟಭೈರವರನ್ನೂ ನೆಲೆಗೊಳಿಸಿದರೆಂದು ಸೊಲ್ಲಾಪುರದ ಪರಂಪರೆ ನಂಬುತ್ತದೆ. ನಾಡಿನ 68 ಶೈವ ಕ್ಷೇತ್ರಗಳಿಗೆ ಕಾಲ್ನಡಿಗೆಯಲ್ಲಿ ಹೋಗಲಾಗದ ಬಡವನಿಗೆ ಆ ಎಲ್ಲ ಕ್ಷೇತ್ರಗಳೂ ತನ್ನ ಊರಿನ ಹೊಲದ ಬದುವಿನಲ್ಲಿಯೇ ದೊರೆತಂತಾಯಿತು. ಸೊನ್ನಲಿಗೆಗೆ ಅಭಿನವ ಶ್ರೀಶೈಲವೆಂಬ ಹೆಸರು ಬಂತು.

ಗುಡಿಗಿಂತಲೂ ಮಿಗಿಲಾಗಿ ಅವರು ನೆನಪಿನಲ್ಲಿ ಉಳಿದದ್ದು ಕೆರೆಯಿಂದ. ಸೊಲ್ಲಾಪುರದ ಸುತ್ತಣ ಸೀಮೆ ಮಳೆ ಕಡಿಮೆಯ ಬಯಲುಸೀಮೆ. ಕಪ್ಪು ನೆಲ, ಬಿರುಬಿಸಿಲು, ಒಂದು ವರ್ಷ ಮಳೆ ಕೈಕೊಟ್ಟರೆ ದನಕರುಗಳಿಗೂ ಕುಡಿಯುವ ನೀರಿಲ್ಲ. ಇಂಥ ಊರಿನಲ್ಲಿ ಸಿದ್ಧರಾಮರು ಸಾವಿರಾರು ಜನರನ್ನು ಕೂಡಿಸಿಕೊಂಡು ವಿಶಾಲವಾದ ಕೆರೆಯನ್ನು ತೋಡಿಸಿದರು. ಬಾವಿಗಳನ್ನು ತೆಗೆಸಿದರು, ಹೂದೋಟಗಳನ್ನು ಬೆಳೆಸಿದರು, ಅನ್ನಛತ್ರಗಳನ್ನು ನಡೆಸಿದರು. ಹೊಲದಲ್ಲಿ ಬಂದು ಹಸಿವೆಂದ ಮಲ್ಲಯ್ಯನಿಗೆ ಬಾಲಕನ ಬುತ್ತಿ ಅಂದು ತಲುಪಿರಲಿಲ್ಲ. ಆ ಬುತ್ತಿಯನ್ನೇ ಅವರು ಮುಂದೆ ಊರಿಗೆಲ್ಲ ಬಿಚ್ಚಿದರೆಂದು ನಮಗೆ ತೋರುತ್ತದೆ. ಕಲ್ಲು ಮಣ್ಣಿನ ಕಾಯಕವನ್ನು ದೇವರ ಪೂಜೆಯೆಂದೇ ಮಾಡಿದ ಕಾರಣದಿಂದ ಒಡ್ಡರು, ಅಂದರೆ ಇಂದಿನ ಭೋವಿ ಸಮುದಾಯದವರು, ಅವರನ್ನು ತಮ್ಮ ಕುಲಗುರುವೆಂದು ಇಂದಿಗೂ ಆರಾಧಿಸುತ್ತಾರೆ.

ಈ ಕೆರೆಯ ದಂಡೆಗೇ ಒಂದು ದಿನ ಅಲ್ಲಮಪ್ರಭುಗಳು ಬಂದರು. ಶೂನ್ಯಸಂಪಾದನೆಯಲ್ಲಿ ಬರುವ ಈ ಪ್ರಸಂಗ ನಮಗೆಲ್ಲ ಪರಿಚಿತ. ಕೆಲಸದಲ್ಲಿ ತೊಡಗಿದ್ದವರ ಬಳಿ ನಿಂತು, ನಿಮ್ಮ ಒಡ್ಡರಾಮನೆಲ್ಲಿ ಎಂದು ಪ್ರಭುಗಳು ವಿಚಾರಿಸಿದರು. ತಮ್ಮ ಗುರುವನ್ನು ಹೀಗೆ ಹಗುರವಾಗಿ ಕರೆದದ್ದಕ್ಕೆ ಜನ ಕೆರಳಿದರು, ಕೈಗೆ ಸಿಕ್ಕ ಕಲ್ಲುಗಳನ್ನೆಲ್ಲ ಬೀಸಿ ಎಸೆದರು. ಕಲ್ಲುಗಳು ಸುತ್ತಲೂ ಗುಡ್ಡೆಯಾಗಿ ಬಿದ್ದವೇ ಹೊರತು ಪ್ರಭುಗಳ ಮೈಗೆ ತಾಗಲಿಲ್ಲ. ಸುದ್ದಿ ಕೇಳಿ ಸಿದ್ಧರಾಮರೇ ಧಾವಿಸಿ ಬಂದರು. ಕೋಪದಿಂದ ಹಣೆಗಣ್ಣು ತೆರೆದರು, ಉರಿ ಎದ್ದಿತು. ಆ ಉರಿಯೂ ಪ್ರಭುಗಳನ್ನು ಸುಡಲಿಲ್ಲ. ತಮ್ಮ ಊರಿನ ಜನರೇ ಬೇಗೆಗೆ ಸಿಕ್ಕಾಗ ಅದನ್ನು ಶಮನಗೊಳಿಸಿದವರೂ ಪ್ರಭುಗಳೇ.

ಒಂದು ಕ್ಷಣ ಇಲ್ಲಿ ನಿಲ್ಲೋಣ. ಈ ಪ್ರಸಂಗವನ್ನು ಓದುವ ಹಲವರು, ಕೆರೆ ಕಟ್ಟಿದ್ದು ವ್ಯರ್ಥವೆಂದು ಪ್ರಭುಗಳು ಹೇಳಿದರೆಂದು ಅರ್ಥ ಮಾಡಿಕೊಳ್ಳುತ್ತಾರೆ. ನಮಗೆ ಅದು ಸರಿಯೆನಿಸುವುದಿಲ್ಲ. ಬಾಯಾರಿದವರಿಗೆ ನೀರು ಕೊಡುವುದನ್ನು ಯಾವ ಶರಣನೂ ಹಳಿಯಲಾರ. ಪ್ರಭುಗಳು ಕೆದಕಿದ್ದು ಕೆರೆ ಕಟ್ಟಿದವನ ಮನಸ್ಸನ್ನು. ನಾನು ಕಟ್ಟಿದೆ, ನನ್ನ ಸೊನ್ನಲಿಗೆ, ನನ್ನ ಮಲ್ಲಿನಾಥ ಎಂಬ ಭಾವ ಒಳಗೆ ಸೂಕ್ಷ್ಮವಾಗಿ ಉಳಿದಿತ್ತು. ಅದು ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಒಂದು ಹಗುರವಾದ ಮಾತಿಗೆ ಹಣೆಗಣ್ಣು ತೆರೆಯಿತಲ್ಲ! ಎಲ್ಲರಿಗೂ ತಂಪೆರೆಯಲು ಹೊರಟವರಿಂದಲೇ ಉರಿ ಹೊರಟಿತು. ಅದನ್ನು ಸಿದ್ಧರಾಮರು ಆ ಹೊತ್ತಿಗೇ ಅರಿತರೆಂಬುದೇ ಅವರ ದೊಡ್ಡತನ. ನೆರೆದ ಶಿಷ್ಯರೆಲ್ಲರ ಎದುರಿನಲ್ಲಿ, ತಾವೇ ಕಟ್ಟಿದ ಊರಿನಲ್ಲಿ, ಬರಿಗೈಯಲ್ಲಿ ಬಂದ ಒಬ್ಬ ಜಂಗಮನಿಗೆ ಅವರು ತಲೆಬಾಗಿದರು. ಬಳಿಕ ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು.

ಕಲ್ಯಾಣದ ಬಾಗಿಲಲ್ಲಿ ನಡೆದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಇಬ್ಬರೂ ಮಹಾಮನೆಯ ಮುಂದೆ ಬಂದು ನಿಂತಾಗ ಬಸವಣ್ಣನವರು ಒಳಗೆ ಲಿಂಗಪೂಜೆಯಲ್ಲಿದ್ದರು. ಪೂಜೆಯಿಂದ ಏಳದೆ, ಬಂದವರನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರು. ಪ್ರಭುಗಳು ಒಳಗೆ ಬರಲು ಒಪ್ಪಲಿಲ್ಲ. ಮನೆಯ ಬಾಗಿಲಿಗೆ ಜಂಗಮ ಬಂದು ನಿಂತಿರುವಾಗ ಒಳಗೆ ಯಾವ ಲಿಂಗಕ್ಕೆ ಪೂಜೆ ಎಂಬುದು ಅವರ ಮುನಿಸಿನ ತಿರುಳು. ಚನ್ನಬಸವಣ್ಣನವರು ವಿಷಯವನ್ನು ತಿಳಿಹೇಳಿದ ಮೇಲೆ ಬಸವಣ್ಣನವರೇ ಹೊರಗೆ ಬಂದು ಪ್ರಭುಗಳನ್ನು ಎದುರುಗೊಂಡರು. ಸೊನ್ನಲಿಗೆಯಲ್ಲಿ ಸ್ಥಾವರ ಪೂಜೆಯನ್ನು ಪ್ರಶ್ನಿಸಿದ ಪ್ರಭುಗಳು ಕಲ್ಯಾಣದಲ್ಲಿ ಇಷ್ಟಲಿಂಗ ಪೂಜೆಯನ್ನೂ ಅದೇ ಒರೆಗಲ್ಲಿಗೆ ಹಚ್ಚಿದರು. ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಸಿದ್ಧರಾಮರಿಗೆ ಶ್ರೀಶೈಲದ ಗರ್ಭಗುಡಿಯ ಎದುರು ತಾವೇ ಬಾಲಕರಾಗಿ ಹಿಡಿದ ಹಟ ನೆನಪಾಗಿರಬಹುದೇ? ಅನ್ನ ಕೇಳುವ ದೇವರು ಹೊರಗೆ ನಿಂತಿದ್ದಾನೆ, ಒಳಗೆ ಪೂಜೆ ನಡೆದಿದೆ. ಎರಡು ಕಡೆಯೂ ಅದೇ ನೋಟ.

ಅನುಭವ ಮಂಟಪದಲ್ಲಿ ಸಿದ್ಧರಾಮರನ್ನು ಕುರಿತು ದೊಡ್ಡ ಚರ್ಚೆಯೇ ನಡೆಯಿತು. ಅವರು ಆಗಲೇ ಸಿದ್ಧಿ ಪಡೆದ ಶಿವಯೋಗಿ. ಅಂತರಂಗದಲ್ಲಿ ಲಿಂಗವನ್ನು ಕಂಡವರಿಗೆ ಅಂಗದ ಮೇಲೆ ಇಷ್ಟಲಿಂಗವೇಕೆ? ಸಿದ್ಧರಾಮರ ಪ್ರಶ್ನೆ ಇದು, ಸುಮ್ಮನೆ ತಳ್ಳಿಹಾಕುವಂಥದಲ್ಲ. ಅಂತರಂಗ ಬಹಿರಂಗಗಳು ಬೇರೆಯಾಗಿ ಉಳಿದರೆ ಅರಿವು ಆಚಾರವಾಗದು, ಒಳಗಿನ ಲಿಂಗವೇ ಕೈಗೆ ಬರಬೇಕು ಎಂಬುದು ಚನ್ನಬಸವಣ್ಣನವರ ನಿಲುವು. ಕೊನೆಗೆ ಚನ್ನಬಸವಣ್ಣನವರಿಂದಲೇ ಸಿದ್ಧರಾಮರು ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಗುರು ವಯಸ್ಸಿನಲ್ಲಿ ಕಿರಿಯರು, ಶಿಷ್ಯರು ಹಿರಿಯರು. ಅದನ್ನು ಸಿದ್ಧರಾಮರು ಗಣನೆಗೇ ತೆಗೆದುಕೊಳ್ಳಲಿಲ್ಲ. ತಮ್ಮ ವಚನಗಳಲ್ಲಿ ಚನ್ನಬಸವಣ್ಣನವರನ್ನು ಗುರುವೆಂದು ಮನಸಾರೆ ನೆನೆದಿದ್ದಾರೆ.

ಈ ದೀಕ್ಷಾಪ್ರಸಂಗದ ಬಗ್ಗೆ ಹಿಂದಿನವರಲ್ಲಿಯೂ ಏಕಾಭಿಪ್ರಾಯವಿರಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ರಾಘವಾಂಕನ ಕಾವ್ಯದಲ್ಲಿ ಅದರ ಮಾತಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ಮೊದಲ ಶೂನ್ಯಸಂಪಾದನೆಯಲ್ಲಿಯೂ ಅದು ಸೇರಿರಲಿಲ್ಲ. ಆನಂತರ ಹಲಗೆಯಾರ್ಯರು ತಮ್ಮ ಸಂಕಲನದಲ್ಲಿ ಅದನ್ನು ಸೇರಿಸಿದರು, ಮುಂದಿನವರು ಅದನ್ನೇ ಅನುಸರಿಸಿದರು. ಗುಡಿ ಕಟ್ಟಿದವರನ್ನು ಶರಣರ ಸಾಲಿನಲ್ಲಿ ಹೇಗೆ ಕೂರಿಸುವುದೆಂಬ ಪ್ರಶ್ನೆ ಶತಮಾನಗಳವರೆಗೂ ನಮ್ಮ ಹಿರಿಯರನ್ನು ಕಾಡಿತ್ತೆಂಬುದಕ್ಕೆ ಇದೇ ಸಾಕ್ಷಿ. ಇಂದು ಮಠಕ್ಕೆ ಬಂದು ಕೇಳುವ ಭಕ್ತರ ಸಂದೇಹ ಹೊಸದೇನಲ್ಲ.

ದೀಕ್ಷೆಯ ನಂತರ ಸಿದ್ಧರಾಮರು ಸೊನ್ನಲಿಗೆಯ ಗುಡಿಯನ್ನು ಕೆಡವಿಸಲಿಲ್ಲ, ಕೆರೆಯನ್ನು ಮುಚ್ಚಿಸಲಿಲ್ಲ. ಆದರೆ ಅವರ ವಚನಗಳ ದನಿ ಬೇರೆ. ಕೆರೆ, ಬಾವಿ, ದೇಗುಲಗಳನ್ನು ಕಟ್ಟಿದ ಪುಣ್ಯವನ್ನು ಲೆಕ್ಕ ಹಾಕಿಕೊಂಡು ಕೂರುವ ಮನಸ್ಸನ್ನು ಅವರೇ ಪರೀಕ್ಷಿಸಿಕೊಳ್ಳುತ್ತಾರೆ. ಬಸವಣ್ಣನವರ ಸ್ಮರಣೆಯಲ್ಲಿ ತ್ರಿವಿಧಿಗಳನ್ನು ಹಾಡುತ್ತಾರೆ. ಹೆಣ್ಣನ್ನು ಮಾಯೆಯೆಂದು ಜರೆಯುವವರ ನಡುವೆ ನಿಂತು, ಹೆಣ್ಣಿನಲ್ಲಿ ಸಾಕ್ಷಾತ್ ಕಪಿಲಸಿದ್ಧ ಮಲ್ಲಿಕಾರ್ಜುನನನ್ನೇ ಕಂಡೆನೆನ್ನುತ್ತಾರೆ. ದೇವಿಯ ಮೂರ್ತಿಗೆ ಕೈಮುಗಿದು ಮನೆಯ ಹೆಣ್ಣುಮಗಳನ್ನು ಕಡೆಗಣಿಸುವವರು ಈ ನೋಟವನ್ನು ಮತ್ತೆ ಮತ್ತೆ ಮನನ ಮಾಡಬೇಕು. ಅವರ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ವಚನಗಳು ನಮಗೆ ದೊರೆತಿವೆ.

ಅಲ್ಲಮಪ್ರಭುಗಳು ಏರಿದ್ದ ಶೂನ್ಯಸಿಂಹಾಸನಕ್ಕೆ ಅವರ ನಂತರ ಚನ್ನಬಸವಣ್ಣನವರು, ಅವರ ನಂತರ ಸಿದ್ಧರಾಮೇಶ್ವರರು ಒಡೆಯರಾದರೆಂಬುದು ನಮ್ಮ ಪರಂಪರೆ. ಕಲ್ಯಾಣದಲ್ಲಿ ಉತ್ಪಾತವಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದ ಬಳಿಕ ಅವರು ಸೊನ್ನಲಿಗೆಗೆ ಮರಳಿದರು, ತಾವು ತೋಡಿಸಿದ ಕೆರೆಯ ಸನ್ನಿಧಿಯಲ್ಲಿಯೇ ಯೋಗಸಮಾಧಿಯನ್ನು ಹೊಂದಿದರು.

ಸೊಲ್ಲಾಪುರದಲ್ಲಿ ಜನವರಿಯ ಸಂಕ್ರಾಂತಿಗೆ ನಡೆಯುವ ಗಡ್ಡಾ ಯಾತ್ರೆ ಅವರ ಬದುಕಿನ ಒಂದು ಕಥೆಯನ್ನು ವರ್ಷವರ್ಷವೂ ಮರುಕಳಿಸುತ್ತದೆ. ನಿತ್ಯವೂ ಅವರ ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದ ಕುಂಬಾರರ ಮಗಳೊಬ್ಬಳು ಅವರನ್ನೇ ವರಿಸುವೆನೆಂದು ಹಟ ಹಿಡಿದಳಂತೆ. ತಾನು ವಿರಕ್ತ, ಮದುವೆಯಾಗಲಾರೆನೆಂದ ಶಿವಯೋಗಿಗಳು ಅವಳ ಮನಸ್ಸನ್ನು ನೋಯಿಸಲಾರದೆ ತಮ್ಮ ಯೋಗದಂಡವನ್ನು ವರಿಸಲು ಒಪ್ಪಿದರು. ಆ ಯೋಗದಂಡದ ಸಂಕೇತವಾಗಿ ಏಳು ಎತ್ತರದ ನಂದಿಧ್ವಜಗಳನ್ನು, ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಸೊಂಟಕ್ಕೆ ಕಟ್ಟಿದ ಪಟ್ಟಿಯಲ್ಲಿ ಊರಿಕೊಂಡು ಮೆರವಣಿಗೆಯಲ್ಲಿ ಹೊರುತ್ತಾರೆ. ಧ್ವಜ ಹೊರುವ ಗೌರವ ಹಲವು ಸಮುದಾಯಗಳಿಗೆ ಹಂಚಿಹೋಗಿದೆ. ಮೊದಲ ದಿನ 68 ಲಿಂಗಗಳಿಗೂ ತೈಲಾಭಿಷೇಕ, ಎರಡನೆಯ ದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ, ಮೂರನೆಯ ದಿನ ಹೋಮ. ಆ ಕನ್ಯೆ ಅಗ್ನಿಪ್ರವೇಶ ಮಾಡಿದಳೆಂಬ ಕಥೆಯ ಕೊನೆಗೆ ಈ ಹೋಮ ಸಂಬಂಧಿಸಿದ್ದು. ಹೆಣ್ಣಿನಲ್ಲಿ ದೈವವನ್ನೇ ಕಂಡ ಶಿವಯೋಗಿಯ ಹೆಸರಿನೊಡನೆ ಆ ಕೊನೆ ಸೇರಿಕೊಂಡಿರುವುದು ನಮಗೆ ನೋವಿನ ಸಂಗತಿ. ಜಾತ್ರೆಯ ಅಕ್ಷತೆಯ ಸಂಭ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಬರುವುದೇ ನಮಗೆ ಹಿತ.

ಭಾಷಾವಾರು ಪ್ರಾಂತಗಳಾದಾಗ ಸೊಲ್ಲಾಪುರ ಗಡಿಯಾಚೆ ಉಳಿಯಿತು. ಆದರೂ ಆ ಊರಿನಲ್ಲಿ ಹುಟ್ಟಿ ಬೆಳೆದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮರ ಚರಿತ್ರೆಯನ್ನು ಕನ್ನಡದಲ್ಲಿ ಪುರಾಣವಾಗಿ ಮತ್ತೆ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು; ಆ ಪೀಠವೇರಿದ ಮೊದಲ ಮಹಿಳೆ ಅವರೇ. ಅವರಿಗೆ ಆ ಭಕ್ತಿ ಪುಸ್ತಕಗಳಿಂದ ಬಂದದ್ದಲ್ಲ, ಕೆರೆಯ ದಂಡೆಯಲ್ಲಿ ಬಾಲ್ಯ ಕಳೆದುದರಿಂದ ಬಂದದ್ದು.

ಇನ್ನು ಮನೆದೇವರ ವಿಚಾರ. ಜಗುಲಿಯ ಮೇಲಿನ ಧೂಳಿಮಾಕಾಳನನ್ನು ಎತ್ತಿ ಹೊರಗಿಟ್ಟು ಸಿದ್ಧರಾಮರು ಕಲ್ಯಾಣಕ್ಕೆ ಹೋಗಲಿಲ್ಲ, ಕಲ್ಯಾಣದಿಂದ ಬಂದ ಮೇಲೆ ಅವನ ಮುಂದೆ ಹರಕೆ ಹೊತ್ತು ಕೂರಲೂ ಇಲ್ಲ. ಅಂಗೈಯ ಲಿಂಗ ಅವರಿಗೆ ಸಾಕಾಯಿತು. ಸೊಲ್ಲಾಪುರಕ್ಕೆ ಹೋಗುವ ಭಕ್ತರು ಗದ್ದುಗೆಯ ದರ್ಶನ ಪಡೆದು, ನೀರಿನ ನಡುವಿನ ಆ ಗುಡಿಯಿಂದ ಹೊರಗೆ ಬಂದು ಕೆರೆಯ ಕಡೆಗೂ ಒಮ್ಮೆ ನೋಡಬೇಕು. ಎಂಟುನೂರು ವರ್ಷಗಳ ಹಿಂದೆ ಬುಟ್ಟಿಯಲ್ಲಿ ಮಣ್ಣು ಹೊತ್ತವರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ. ನೀರು ಮಾತ್ರ ಅಲ್ಲಿಯೇ ಇದೆ.